ಹಿಟ್ಟು ನುಣ್ಣಗಾಗುವವರೆಗೆ

ಕಾಮಾಕ್ಷಿಪಾಳ್ಯದ ನಮ್ಮ ಹಳೆಯ ಬೀದಿಯಲ್ಲಿ ಇವತ್ತು ಮೋರಿಯ ಪಕ್ಕ ಒಂದು ಒರಳುಕಲ್ಲು ಬಿದ್ದಿತ್ತು. ಗುಳಿಯಲ್ಲಿ ಮಳೆನೀರು ನಿಂತಿತ್ತು. ನೋಡುತ್ತಿದ್ದಂತೆ ನೆನೆದ ಉದ್ದಿನಬೇಳೆಯ ವಾಸನೆ ಬಂದ ಹಾಗಾಯಿತು.

ನನ್ನ ಬಾಲ್ಯದಲ್ಲಿ ದಿನಾ ಸಂಜೆ ಅಜ್ಜಿ ಒರಳಿನ ಗುಂಡುಕಲ್ಲು ತಿರುಗಿಸುತ್ತಿದ್ದರು. ಅಮ್ಮ ಹಿಟ್ಟನ್ನು ಒಳಕ್ಕೆ ತಳ್ಳುತ್ತಾ ಸೋರುವ ಛಾವಣಿಯ ಶೀಟು, ನನ್ನ ಕೆಮ್ಮು, ಎಲ್ಲ ಚಿಂತೆಯನ್ನೂ ಹೇಳುತ್ತಿದ್ದಳು. ಅಜ್ಜಿಯದು ಒಂದೇ ಕಟ್ಟಳೆ: ದೋಸೆಹಿಟ್ಟು ನುಣ್ಣಗಾದ ಮೇಲೆ ಯಾರೂ ಗೋಳು ಹೇಳುವಂತಿಲ್ಲ.

ಅಪ್ಪನ ಫ್ಯಾಕ್ಟರಿಗೆ ಬೀಗ ಬಿದ್ದ ದಿನ, ಹಿಟ್ಟು ಮುಗಿದರೂ ಅಮ್ಮನ ಮಾತು ಮುಗಿಯಲಿಲ್ಲ. "ಸಾಕು ಮಾಡ್ತೀನಿ ಅತ್ತೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಜ್ಜಿ ಎದ್ದುಹೋಗಿ, ಮಧ್ಯಾಹ್ನ ಮಿಕ್ಕಿದ್ದ ಅನ್ನ ಒಂದು ಹಿಡಿ ತಂದು ಒರಳಿಗೆ ಹಾಕಿದರು.

"ಇನ್ನೂ ತರಿ ಇದೆ ಕಣೇ. ಹೇಳು."

ಅಮ್ಮ ಹೇಳಿದಳು. ಕಲ್ಲು ತಿರುಗಿತು. ಕೊನೆಗೆ ಅಜ್ಜಿ ಹಿಟ್ಟು ತೋಡಿ ಪಾತ್ರೆ ಮುಚ್ಚಿದರು. "ನಮ್ಮ ಕೆಲಸ ಇಷ್ಟೇ. ಬೆಳಿಗ್ಗೆ ಹೊತ್ತಿಗೆ ಅದು ತಾನಾಗೇ ಉಬ್ಬಿರುತ್ತೆ."

ಬೆಳಿಗ್ಗೆ ಫ್ಯಾಕ್ಟರಿಯ ಬೀಗ ಹಾಗೇ ಇತ್ತು. ದೋಸೆ ಮಾತ್ರ ಹತ್ತಿಯ ಹಾಗೆ ಮೆತ್ತಗಿತ್ತು. ಅಪ್ಪ ಎರಡು ಹೆಚ್ಚೇ ತಿಂದರು.

ಈಗ ನನ್ನ ಮಿಕ್ಸಿ ಐದೇ ನಿಮಿಷಕ್ಕೆ ರುಬ್ಬಿ ಸುಮ್ಮನಾಗುತ್ತದೆ. ಇನ್ನೂ ತರಿ ಇದೆ, ಹೇಳು ಎನ್ನುವವರಿಲ್ಲ.