ಹನ್ನೊಂದನೇ ಮೆಟ್ಟಿಲಿನವರೆಗೆ

ಲೈನ್‌ಮನ್ನಿಗೇ ಕತ್ತಲೆಯ ಹುಚ್ಚು ಹಿಡಿದರೆ ಏನು ಮಾಡೋಣ ಹೇಳಿ! ಹಗಲೆಲ್ಲ ಕಂಬ ಹತ್ತಿ ಬೀದಿದೀಪ ಸರಿಮಾಡುವ ಈ ಮನುಷ್ಯ ಸಂಜೆಯಾದರೆ ಕ್ಯಾಮೆರಾ ಹೆಗಲಿಗೇರಿಸಿ ಬೆಳಕಿಲ್ಲದ ಜಾಗ ಹುಡುಕಿಕೊಂಡು ಹೊರಡುತ್ತಿದ್ದ. ಉಲ್ಕೆ, ಗ್ರಹಣ, ಚಂದ್ರನ ಸುತ್ತಲಿನ ಬಳೆ, ಏನನ್ನೂ ಬಿಡುತ್ತಿರಲಿಲ್ಲ. ತನ್ನ ಮದುವೆಯ ಮಾತುಕತೆಯಿಂದಲೇ ಚಂದ್ರಗ್ರಹಣವೆಂದು ಎದ್ದು ಬಂದವನು. ಆ ಸಂಬಂಧ ಅಲ್ಲಿಗೇ ಮುರಿಯಿತು. ಐವತ್ತಾದರೂ ಅವನ ಊಟತಿಂಡಿ ನೋಡಿಕೊಳ್ಳುತ್ತಿದ್ದವಳು ಅಕ್ಕ. ಅಮ್ಮ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಸಾಕಿದವಳೂ ಅವಳೇ.

"ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ನಿನ್ನ ನೋಡೇ ಮಾಡಿದ ಗಾದೆ ಕಣೋ" ಎಂದು ನಗುತ್ತಿದ್ದಳು.

ಆ ವರ್ಷ ಧೂಮಕೇತು ಬಂತು. ಸೂರ್ಯ ಮುಳುಗಿದ ಮೇಲೆ ಒಂದೇ ಗಂಟೆ, ಕೊಳದ ಮೆಟ್ಟಿಲುಗಳ ನೇರಕ್ಕೆ ಕಾಣುತ್ತಿತ್ತು. ಅದೇ ವಾರ ಮೆಟ್ಟಿಲ ಪಕ್ಕದ ಕಂಬದ ಬಲ್ಬು ಸುಟ್ಟುಹೋಗಿತ್ತು. ಬದಲಿ ಬಲ್ಬು ಅವನ ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು. ಕೇಳಿದವರಿಗೆಲ್ಲ "ಸ್ಟಾಕ್ ಬಂದಿಲ್ಲ ಸ್ವಾಮಿ, ಇನ್ನೆರಡು ದಿನ" ಎಂದು ಹಲ್ಲು ಕಿರಿಯುತ್ತಿದ್ದ. ಸುಳ್ಳ! ಧೂಮಕೇತು ಹೋಗುವವರೆಗೆ ಅಲ್ಲಿ ದೀಪ ಉರಿಯುವುದು ಅವನಿಗೆ ಬೇಡವಾಗಿತ್ತು.

ಮೂರನೆಯ ಸಂಜೆ ಮೋಡ ಸರಿಯಿತು. ಮೆಟ್ಟಿಲುಗಳಿಗೆ ಎದುರಾಗಿ ಕೊಳದ ಆಚೆ ದಡದಲ್ಲಿ ಸ್ಟ್ಯಾಂಡು ನಿಲ್ಲಿಸಿ ಗುಂಡಿ ಒತ್ತಿದ. ಮೂವತ್ತು ಸೆಕೆಂಡು ಕ್ಯಾಮೆರಾದ ಕಣ್ಣು ತೆರೆದೇ ಇರುತ್ತದೆ; ನಡುವೆ ಯಾವ ಬೆಳಕು ಅಲುಗಿದರೂ ಗೆರೆಯಾಗಿ ಉಳಿಯುತ್ತದೆ. ಆಗಲೇ ಎದುರಿನ ಮೆಟ್ಟಿಲ ಮೇಲೆ ಟಾರ್ಚಿನ ಬೆಳಕು ಇಳಿಯತೊಡಗಿತು.

"ಯಾರ್ರೀ ಅದು? ಟಾರ್ಚ್ ಆರಿಸ್ರೀ!"

"ನಾನು ಕಣೋ. ಊಟದ ಡಬ್ಬಿ ಮರೆತು ಬಂದಿದ್ದೀಯಲ್ಲ."

"ಅಯ್ಯೋ ಅಕ್ಕಾ, ಮೊದಲು ಆರಿಸೇ! ಫೋಟೋ ಹಾಳಾಗುತ್ತೆ!"

ಅವಳಿಗೆ ಇರುಳುಗುರುಡು. ಟಾರ್ಚಿದ್ದರೆ ಹೇಗೋ ನಿಭಾಯಿಸುತ್ತಿದ್ದಳು, ಇಲ್ಲದಿದ್ದರೆ ತನ್ನ ಕೈ ತನಗೇ ಕಾಣದು. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಆ ಗಳಿಗೆಯಲ್ಲಿ ನೆನಪಾಗಲಿಲ್ಲ, ಅಷ್ಟೆ. ಅವಳು ಆರಿಸಿದಳು. ತಮ್ಮ ಕೇಳಿದ್ದಕ್ಕೆ ಅವಳು ಯಾವತ್ತು ಇಲ್ಲ ಅಂದಿದ್ದಳು? ಮೊದಲು ಡಬ್ಬಿ ಕಲ್ಲಿನ ಮೇಲೆ ಉರುಳುವ ಸದ್ದು ಕೇಳಿಸಿತು.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಒಂದೇ ಒಂದು ಸಲ ಕಣ್ಣು ಬಿಟ್ಟು ಕೇಳಿದಳು:

"ಫೋಟೋ ಬಂತೇನೋ? ನನ್ನಿಂದ ಹಾಳಾಗಲಿಲ್ಲ ತಾನೆ?"

"ಇಲ್ಲಕ್ಕ. ಚೆನ್ನಾಗಿ ಬಂದಿದೆ" ಎಂದ. ಅವನು ಅದನ್ನು ನೋಡಿಯೇ ಇರಲಿಲ್ಲ.

ಮಣ್ಣು ಮಾಡಿ ಬಂದ ದಿನವೇ ಕಂಬ ಹತ್ತಿ ಬಲ್ಬು ಹಾಕಿದ. "ಅಂತೂ ಸ್ಟಾಕ್ ಬಂತಪ್ಪ" ಎಂದರು ಕೆಳಗೆ ನಿಂತಿದ್ದ ಯಾರೋ. ಪಾಪ, ಅವರಿಗೇನು ಗೊತ್ತು. ಅವನು ಮೇಲೆಯೇ ಕಂಬವನ್ನು ತಬ್ಬಿಕೊಂಡು ಅತ್ತ.

ತಿಂಗಳಾದ ಮೇಲೆ ಧೈರ್ಯ ಮಾಡಿ ಚಿತ್ರ ತೆರೆದ. ಧೂಮಕೇತು ಬಾಲ ಬಿಚ್ಚಿ ನಿಂತಿತ್ತು. ಅಂಥ ಚಿತ್ರ ಅವನ ಜನ್ಮದಲ್ಲೇ ಬಂದಿರಲಿಲ್ಲ. ಕೆಳಗೆ ಹಳದಿ ಗೆರೆಯೊಂದು ಅಳುಕುತ್ತ ಅಳುಕುತ್ತ ಹನ್ನೊಂದು ಮೆಟ್ಟಿಲು ಇಳಿದು, ಅಲ್ಲಿಗೆ ನಿಂತುಹೋಗಿತ್ತು.

ಅದೀಗ ಅವನ ಕೋಣೆಯ ಗೋಡೆಯ ಮೇಲಿದೆ. ಕ್ಯಾಮೆರಾವನ್ನು ಅವನು ಮತ್ತೆ ಮುಟ್ಟಿಲ್ಲ. ಬಂದವರೆಲ್ಲ ಧೂಮಕೇತುವನ್ನು ಹೊಗಳುತ್ತಾರೆ. ಮೊನ್ನೆ ಬಂದಿದ್ದ ಹೊಸ ಇಂಜಿನಿಯರು ಹತ್ತಿರ ಹೋಗಿ ನೋಡಿ, "ಕೆಳಗಿನ ಈ ಗೆರೆ ಒಂದಿಲ್ಲದಿದ್ರೆ ಬಹುಮಾನ ಬರೋದು ಕಣ್ರೀ. ಕೊಡಿ, ಕಂಪ್ಯೂಟರಲ್ಲಿ ಎರಡೇ ನಿಮಿಷ, ಅಳಿಸಿಕೊಡ್ತೀನಿ" ಎಂದರು.

"ಬೇಡ ಸಾರ್" ಎಂದ ಲೈನ್‌ಮನ್. "ಒಂದ್ಸಲ ನಾನೇ ಆರಿಸಿದ್ದೀನಿ, ಅಷ್ಟು ಸಾಕು. ಅದು ನಮ್ಮಕ್ಕ."