ಹನುಮಕ್ಕನ ತಾರಸಿಯ ಸೀರೆಗಳು

ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಷ್ಟು ವರ್ಷವೂ ಹನುಮಕ್ಕ ಯಾರಿಗೂ ಹೆದರಿದವಳಲ್ಲ. ಪಾಸ್ ತೋರಿಸದ ಕಾಲೇಜು ಹುಡುಗರು, ಚಿಲ್ಲರೆಗೆ ತಕರಾರು ತೆಗೆಯುವ ದೊಡ್ಡ ಮನುಷ್ಯರು, ಬೇಕೆಂದೇ ಮೈಮೇಲೆ ಬೀಳುವ ಪೋಲಿಗಳು, ಎಲ್ಲರಿಗೂ ಅವಳ ಬಾಯಿಯ ರುಚಿ ಗೊತ್ತಿತ್ತು. ಒಮ್ಮೆ ಬಸವನಗುಡಿಯಲ್ಲಿ ಹತ್ತಿದ ವಿದೇಶಿ ಪ್ರವಾಸಿಯೊಬ್ಬ, ಸೀಟಿನಲ್ಲಿ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದ ಹೆಂಗಸಿನ ಕಡೆ ಕ್ಯಾಮೆರಾ ಎತ್ತಿದ್ದ. ಹನುಮಕ್ಕ ಅದರ ಮುಂದೆ ತನ್ನ ಟಿಕೆಟ್ ಚೀಲವನ್ನೇ ಅಡ್ಡ ಹಿಡಿದಳು. "ಫೋಟೋ ನೋ! ನಿಮ್ಮಮ್ಮಂದು ಹೀಗೆ ತೆಗೀತೀಯೇನಯ್ಯಾ?" ಎಂದು ಗದರಿ ಮುಂದಿನ ಸ್ಟಾಪಿನಲ್ಲಿ ಇಳಿಸಿಯೂಬಿಟ್ಟಳು. ಪಾಪ, ಅವನಿಗೆ ಕನ್ನಡ ಬರುತ್ತಿರಲಿಲ್ಲ, ವಿಷಯ ಮಾತ್ರ ಚೆನ್ನಾಗಿಯೇ ಅರ್ಥವಾಗಿತ್ತು. ಈ ಕಥೆಯನ್ನು ಅವಳ ಗಂಡ ಅಪ್ಪಯ್ಯ ಮನೆಗೆ ಬಂದವರಿಗೆಲ್ಲ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಅಂಥ ಗಟ್ಟಿಗಿತ್ತಿ, ಕೊರೊನಾದ ಎರಡನೆಯ ಅಲೆಯಲ್ಲಿ ತನ್ನದೇ ಮೊಬೈಲಿಗೆ ಹೆದರಿ ಮೂಲೆ ಹಿಡಿದಿದ್ದಳು. ಅಪ್ಪಯ್ಯ ಆಸ್ಪತ್ರೆಯಲ್ಲಿದ್ದ. ಊರೆಲ್ಲ ಅಲೆದು ಹೇಗೋ ಒಂದು ಬೆಡ್ ಸಿಕ್ಕಿತ್ತು, ಮೂಗಿಗೆ ಆಕ್ಸಿಜನ್ ಹಾಕಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. "ಫೋನ್ ಫ್ರೀಯಾಗಿ ಇಟ್ಕೊಳ್ಳಮ್ಮಾ, ಯಾವಾಗ ಬೇಕಾದ್ರೂ ಮಾಡ್ತೀವಿ" ಎಂದು ವಾರ್ಡಿನ ನರ್ಸ್ ಹೇಳಿದ್ದಳು. ಅಂದಿನಿಂದ ಹನುಮಕ್ಕ ಸ್ನಾನಕ್ಕೂ ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡೇ ಹೋಗುತ್ತಿದ್ದಳು. ಮಲ್ಲೇಶ್ವರದಲ್ಲಿದ್ದ ಮಗಳು ಲಾಸ್ಯಾಗೂ ಕಟ್ಟಪ್ಪಣೆಯಾಗಿತ್ತು: "ನೀನು ಫೋನ್ ಮಾಡ್ಬೇಡ ಕಣೇ, ಮೆಸೇಜ್ ಹಾಕು." ಫೋನ್ ಬಂದರೆ ಭಯ. ಬರದಿದ್ದರೆ ಇನ್ನೂ ಭಯ.

ಸಾಲದ್ದಕ್ಕೆ ಮನೆ ಇದ್ದದ್ದು ಚಾಮರಾಜಪೇಟೆಯ ಸುಡುಗಾಡಿನ ಮಗ್ಗುಲಲ್ಲಿ. ಮೊದಲೆಲ್ಲ ಅದರಿಂದ ತೊಂದರೆ ಇರಲಿಲ್ಲ. ಹೆಣ ಬಂದದ್ದು ಗೊತ್ತಾದರೆ ತಾರಸಿಗೆ ಓಡಿ ಒಣಹಾಕಿದ ಬಟ್ಟೆಗಳನ್ನು ಎಳೆದುಕೊಂಡು ಬರುತ್ತಿದ್ದಳು, ಆ ಹೊಗೆ ತಾಕಿದ ಬಟ್ಟೆ ಉಡಬಾರದೆಂದು. ಈಗ ಎಳೆದುಕೊಳ್ಳುವುದು ಯಾವಾಗ, ಹಾಕುವುದು ಯಾವಾಗ? ಬೀದಿಯುದ್ದಕ್ಕೂ ಆಂಬುಲೆನ್ಸುಗಳ ಸಾಲು, ಬೆಳಗಿನಿಂದ ಸಂಜೆವರೆಗೆ ಹೊಗೆ. ಬಟ್ಟೆಗಳೆಲ್ಲ ಮನೆಯೊಳಗೇ ಒಣಗುತ್ತಿದ್ದವು. ಪ್ರತಿ ಗಾಡಿಯ ಬಾಗಿಲು ತೆರೆದಾಗಲೂ ಕಿಟಕಿಯ ಸಂದಿಯಿಂದ ಇಣುಕುತ್ತಿದ್ದಳು, ತಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ಆತ್ರೇಯ ಫೋಟೋಗ್ರಾಫರ್. ಒಳ್ಳೆಯ ಹುಡುಗ, ಅಪ್ಪಯ್ಯನಿಗೆ ಬೆಡ್ ಹುಡುಕಲು ಅವನೂ ಅಲೆದಿದ್ದ. ಆಗ ಯಾವುದೋ ವಿದೇಶಿ ಪತ್ರಿಕೆಗೆ ಕೆಲಸ ಮಾಡುತ್ತಿದ್ದ. ಒಂದು ಬೆಳಿಗ್ಗೆ ಆ ಪತ್ರಿಕೆಯಿಂದ ಬಂದಿದ್ದ ವರದಿಗಾರನೊಬ್ಬನನ್ನು ಗೇಟಿನ ಹತ್ತಿರ ನಿಲ್ಲಿಸಿ ಮಾಸ್ಕ್ ಸರಿಮಾಡಿಕೊಳ್ಳುತ್ತಾ ಬಂದ.

"ಆಂಟಿ, ಎರಡು ದಿನ ನಮ್ಮ ಟೆರೇಸ್ ಬೇಕಂತೆ ಇವರಿಗೆ. ಬಾಡಿಗೆ ಕೊಡ್ತಾರಂತೆ."

"ಟೆರೇಸ್ ಯಾಕಪ್ಪಾ?" ಎಂದವಳಿಗೆ ಕೇಳುವಾಗಲೇ ಉತ್ತರ ಹೊಳೆಯಿತು.

"ಜಗತ್ತಿಗೆ ಗೊತ್ತಾಗ್ಬೇಕಲ್ವಾ ಆಂಟಿ? ಇಲ್ಲಿ ಸತ್ತೋರ ಲೆಕ್ಕಾನೇ ಸರಿಯಾಗಿ ಹೇಳ್ತಿಲ್ಲ."

"ಗೊತ್ತಾಗ್ಲಿ. ಬೆಡ್ ಇಲ್ಲ ಅಂತ ಬೀದಿಬೀದಿ ಸುತ್ತಿದೋಳು ನಾನು, ನನ್ನ ಕೇಳ್ಲಿ, ಹೇಳ್ತೀನಿ. ಹೆಣದ ಮುಖ ಯಾಕೆ ಬೇಕು ಇವರಿಗೆ? ಕೊನೇ ಸಲ ನೋಡ್ತೀವಿ ಅಂತ ಮನೆಯೋರು ಅತ್ತು ಕರೆದು ಕವರ್ ಸರಿಸ್ತಾರೆ. ಆಗ ತಾನೇ ಇವರು ಕ್ಲಿಕ್ ಅನ್ಸೋದು? ಆಗಲ್ಲ ಹೋಗು."

ಗೇಟಿನ ಹತ್ತಿರ ನಿಂತವನು ನಗುಮುಖದಿಂದಲೇ ಏನೋ ಹೇಳಿದ. ಆತ್ರೇಯ ತಲೆ ಕೆರೆದುಕೊಂಡ.

"ಏನಂತೆ?"

"ಪಕ್ಕದಲ್ಲೇ ಇದ್ದು ನಿಮಗೆಲ್ಲ ಇದು ಅಭ್ಯಾಸ ಆಗಿರ್ಬೇಕಲ್ವಾ, ಅಂತಿದಾರೆ."

ಅಭ್ಯಾಸವಂತೆ, ಅಭ್ಯಾಸ! ಹನುಮಕ್ಕ ಬಾಗಿಲು ದಡಾರನೆ ಹಾಕಿಕೊಂಡಳು. ಒಳಗೆ ಬಂದು ಮತ್ತೆ ಫೋನ್ ನೋಡಿಕೊಂಡಳು. ನಾಳೆ ಆ ಕವರಿನೊಳಗಿನ ಮುಖ ಅಪ್ಪಯ್ಯನದೇ ಆದರೆ? ಅದನ್ನು ಎಲ್ಲೋ ಯಾರೋ ಕಾಫಿ ಕುಡಿಯುತ್ತಾ ನೋಡಿ, ಅಯ್ಯೋ ಪಾಪ ಆ ದೇಶ ಎಂದು ಪುಟ ತಿರುಗಿಸಿದರೆ?

ಮರುದಿನ ಮನೆಯ ಹಿಂದಿನ ಎತ್ತರದ ಕಟ್ಟಡದ ಮೇಲೆ ಅದೇ ವರದಿಗಾರ ಉದ್ದ ಮೂತಿಯ ಕ್ಯಾಮೆರಾ ನಿಲ್ಲಿಸಿದ್ದು ಕಾಣಿಸಿತು. ಅಲ್ಲಿಂದ ಸುಡುಗಾಡಿಗೆ ಹನುಮಕ್ಕನ ತಾರಸಿಯೊಂದೇ ಅಡ್ಡ. ಅವಳು ಬೀರು ತೆರೆದು ಸೀರೆಗಳನ್ನೆಲ್ಲ ಹೊರಗೆಳೆದಳು. ಒಗೆದದ್ದು, ಒಗೆಯದ್ದು, ಮದುವೆಯ ರೇಷ್ಮೆ, ಕಂಡಕ್ಟರ್ ಕೆಲಸದ ಖಾಕಿ ಸೀರೆ, ಮಂಚದ ದುಪ್ಪಟಿಗಳು. ಮಲ್ಲಕಂಬದಷ್ಟು ಎತ್ತರದ ಬಿದಿರು ಗಳುಗಳನ್ನು ತಾರಸಿಯ ಕಟ್ಟೆಗೋಡೆಗೆ ಬಿಗಿದು ತಂತಿ ಎಳೆದು, ಆ ಕ್ಯಾಮೆರಾಗೆ ಸುಡುಗಾಡು ಕಾಣದ ಹಾಗೆ ಒಂದರ ಪಕ್ಕ ಒಂದು ಇಳಿಬಿಟ್ಟಳು. ಹೊಗೆ ತಾಕಿದರೆ ತಾಕಲಿ. ಅಪ್ಪಯ್ಯನ ಪಂಚೆ, ಅಂಗಿಗಳನ್ನು ಮಾತ್ರ ಬೀರುವಿನಿಂದ ತೆಗೆಯಲಿಲ್ಲ. ಅವನ ಬಟ್ಟೆ ಆ ಹೊಗೆಗೆ ಸೋಕಬಾರದು, ಅಷ್ಟೇ. ಯಾಕೆ ಎಂದು ತನಗೆ ತಾನೂ ಹೇಳಿಕೊಳ್ಳಲಿಲ್ಲ, ಹೇಳಿಕೊಳ್ಳಲು ಧೈರ್ಯವಿರಲಿಲ್ಲ.

ದಿನಾ ಬೆಳಿಗ್ಗೆ ಹಾಕುವುದು, ಸಂಜೆ ತೆಗೆಯುವುದು. ಹೀಗೇ ನಡೆಯುತ್ತಿರುವಾಗ ಆತ್ರೇಯ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ನಿಂತ. ಪತ್ರಿಕೆಯಲ್ಲಿ ಅವಳ ಫೋಟೋ ಬಂದಿತ್ತು. ಬಣ್ಣಬಣ್ಣದ ಸೀರೆಗಳ ನಡುವೆ ಕೈಯೆತ್ತಿ ನಿಂತ ಹನುಮಕ್ಕ, ಮೇಲೆ ಕಪ್ಪು ಹೊಗೆ. ಕೆಳಗಿನ ಸಾಲನ್ನು ಅವನು ತಡವರಿಸುತ್ತಾ ಕನ್ನಡದಲ್ಲಿ ಹೇಳಿದ: "ಪಕ್ಕದಲ್ಲೇ ಹೆಣ ಉರೀತಿದ್ರೂ ಈಯಮ್ಮ ತನ್ನ ಪಾಡಿಗೆ ಬಟ್ಟೆ ಒಣಹಾಕ್ತಿದಾಳೆ. ಸಾವು ಇಲ್ಲಿ ಯಾರನ್ನೂ ಬೆಚ್ಚಿಬೀಳಿಸಲ್ಲ, ಅಂತ."

ಹನುಮಕ್ಕ ಆ ಫೋಟೋವನ್ನೇ ಬಗ್ಗಿ ನೋಡಿದಳು.

"ನಾನು ಜಗಳ ಆಡಿದೀನಿ ಆಂಟಿ. ನಿಮ್ಮ ಯಜಮಾನ್ರು ಆಸ್ಪತ್ರೇಲಿದಾರೆ ಅಂತ ಹೇಳಿದೆ. ಅವರ ದೆಹಲಿ ಆಫೀಸಿನೋರು ನಿಮ್ಮ ಹತ್ರಾನೇ ಮಾತಾಡ್ತಾರಂತೆ. ನಂಬರ್ ಕೊಟ್ಟಿದೀನಿ."

"ಯಾವ ನಂಬರು?" ಎನ್ನುವಷ್ಟರಲ್ಲಿ ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಆಸ್ಪತ್ರೆಯೇ ಇರಬೇಕೆಂದು ತಕ್ಷಣ ಎತ್ತಿದರೆ ಹೆಂಗಸೊಬ್ಬಳ ಇಂಗ್ಲಿಷು. ಇಟ್ಟುಬಿಡಬೇಕೆಂದುಕೊಂಡಳು. ಲೈನ್ ಖಾಲಿ ಇರಬೇಕು. ಆದರೆ ಆ ಸಾಲನ್ನು ಹಾಗೇ ಬಿಡಲಾಗಲಿಲ್ಲ. ಸ್ಪೀಕರ್ ಒತ್ತಿ ಆತ್ರೇಯನ ಕಡೆ ಹಿಡಿದಳು.

"ನಾನು ಹೇಳಿದ್ದು ಹೇಳಿದ ಹಾಗೇ ಹೇಳು, ಒಂದಕ್ಷರ ನುಂಗ್ಬೇಡ. ಬೆಡ್ ಇಲ್ಲ, ಬರೀರಿ. ಗಾಳಿ ಇಲ್ಲದೆ ಜನ ಸಾಯ್ತಿದಾರೆ, ಬರೀರಿ, ಅದು ನಿಜ. ಆದ್ರೆ ನಮಗೆ ಭಯ ಇಲ್ಲ ಅಂತ ಬರೆಯಕ್ಕೆ ನೀವ್ಯಾರು? ನಾನು ನಿದ್ದೆ ಮಾಡಿ ಎಷ್ಟು ದಿನ ಆಯ್ತು ಗೊತ್ತಾ? ನಿಮ್ಮ ದೇಶದಲ್ಲೂ ಹೋದ ವರ್ಷ ಜನ ಸತ್ರಲ್ಲ, ಆಗ ಹೆಣದ ಮುಖ ತೋರಿಸದೆ ಪರದೆ ಎಳೆದ್ರಿ. ನಾನೂ ಪರದೇನೇ ಎಳೆದಿದ್ದು ಕಣಮ್ಮಾ! ನೀವು ಎಳೆದ್ರೆ ಮರ್ಯಾದೆ, ನಾವು ಎಳೆದ್ರೆ ಕಲ್ಲು ಹೃದಯಾನಾ?"

ಆತ್ರೇಯ ಹೇಳುತ್ತಾ ಹೋದ. ಆ ಕಡೆಯವಳು ಏನೋ ಕೇಳಿದಳು, ಇವಳು ಮತ್ತೆ ಝಾಡಿಸಿದಳು. ನಡುವೆ ಫೋನು ಕುಂಯ್ ಕುಂಯ್ ಎಂದದ್ದು ಸಿಟ್ಟಿನಲ್ಲಿ ಕಿವಿಗೇ ಬೀಳಲಿಲ್ಲ. ಕೊನೆಗೆ ಇಟ್ಟು ನೋಡಿದರೆ, ಅಯ್ಯೋ ದೇವರೇ, ವಾರ್ಡಿನಿಂದ ಮೇಲಿಂದ ಮೇಲೆ ಫೋನ್ ಬಂದಿದೆ.

ಹನುಮಕ್ಕ ಫೋನನ್ನು ಆತ್ರೇಯನ ಕೈಗೆ ತುರುಕಿದಳು. ದೇಶದ ಮಾನ ಉಳಿಸಲು ಹೋಗಿ ಗಂಡನ ಕೊನೆಯ ಮಾತು ಕಳಕೊಂಡೆನೇ? ಆತ್ರೇಯ ವಾರ್ಡಿನ ನಂಬರ್ ಹಚ್ಚಿಕೊಟ್ಟ. ಒಂದು ಸಲ ಎತ್ತಲಿಲ್ಲ. ಎರಡನೆಯ ಸಲ ನರ್ಸ್ ಗದರಿದಳು: "ಎಷ್ಟು ಸಲ ಮಾಡೋದಮ್ಮಾ ನಿಮಗೆ? ತಗೊಳ್ಳಿ, ಮಾತಾಡಿ."

ಮೊದಲು ಗಾಳಿಯ ಸದ್ದಷ್ಟೇ. ಆಮೇಲೆ ತೆಳ್ಳಗೆ ದನಿ.

"ಹನುಮೀ... ಎಂಗೇಜ್ ಇತ್ತು... ಯಾರ ಹತ್ರನೇ ಜಗಳ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಫಾರಿನ್ ಪೇಪರಿನೋರ ಹತ್ರ ಕಣ್ರೀ."

"ಇಳಿಸ್ದ್ಯಾ... ಬಸ್ಸಿಂದ?"

"ಇಳಿಸ್ದೆ."

"ಪಂಚೆ ಒಗೆದಿಡು... ಬರ್ತೀನಿ" ಎಂದ ಅಪ್ಪಯ್ಯ, ಅಷ್ಟಕ್ಕೇ ಏದುಸಿರು ಬಂದು ನರ್ಸ್ ಫೋನ್ ತೆಗೆದುಕೊಂಡಳು.

ಆವತ್ತೇ ಹನುಮಕ್ಕ ಪಂಚೆ ಒಗೆದು, ಹಿಂಡಿ, ತಾರಸಿಗೆ ಹೋದಳು. ತಂತಿಯ ಮುಂದೆ ಬಹಳ ಹೊತ್ತು ನಿಂತಳು. ಕೆಳಗೆ ಇನ್ನೊಂದು ಗಾಡಿಯ ಬಾಗಿಲು ತೆರೆಯಿತು. ಜರುಗಿದ್ದ ಒಂದು ಸೀರೆಯ ಅಂಚನ್ನು ಸರಿಯಾಗಿ ಎಳೆದು, ಒದ್ದೆ ಪಂಚೆಯನ್ನು ಎದೆಗವಚಿಕೊಂಡು ವಾಪಸು ಬಂದು ನಡುಮನೆಯ ಫ್ಯಾನಿನ ಕೆಳಗೆ ಕುರ್ಚಿಗಳ ಮೇಲೆ ಹರವಿದಳು. ಅಪ್ಪಯ್ಯ ಮನೆಗೆ ಬಂದು ಉಡುವವರೆಗೂ ಅದು ಅಲ್ಲೇ ಇತ್ತು.