ಮೋತಿಯ ರೈಲು

ಮೋತಿ ನನ್ನನ್ನು ಕಚ್ಚಿರಲಿಲ್ಲ. ಕಚ್ಚಿತು ಎಂದವನು ನಾನು. ಒಂದೇ ಮಾತು, ‘ಕಡೀತು’ — ಅಷ್ಟಕ್ಕೇ ಆ ನಾಯಿ ಸರಪಳಿಗೆ ಬಿತ್ತು.

ಶಹಾಬಾದದ ಹೊರಗೆ, ನಮ್ಮ ಮನೆಗೆ ಹೊಂದಿಕೊಂಡೇ ನಾಗಪ್ಪ ಕಾಕಾ ಅವರ ಅಂಗಳ. ಅಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ಮಾರುತ್ತಾರೆ. ಮೋತಿ ಅವರ ನಾಯಿ. ನಡುವೆ ಗಾರೆಯಿಲ್ಲದೆ ಪೇರಿಸಿದ ಫರಸಿಯ ಗೋಡೆ. ಒಂದು ದಿನ ವಾಡಿ ಜಂಕ್ಷನ್ ಕಡೆಗೆ ಹೋಗುವ ರೈಲು ತಪ್ಪೀತೆಂದು ಆ ಗೋಡೆ ಹಾರಿದೆ, ಮೇಲಿನ ಕಲ್ಲು ಜಾರಿತು, ಅದರ ಅಂಚು ಮೀನಖಂಡವನ್ನು ಸೀಳಿತು. ಗೋಡೆ ಹತ್ತಬೇಡ ಎಂದು ಕಾಕಾ ಎಷ್ಟೋ ಸಲ ಬೈದಿದ್ದರು. ಅವರೇ ಓಡಿ ಬಂದರು. ನನ್ನ ಪಕ್ಕದಲ್ಲಿ ಮೋತಿ ಬಾಲ ಅಲ್ಲಾಡಿಸುತ್ತಿತ್ತು. ಬೈಗುಳಕ್ಕೆ ಹೆದರಿ ಅದರ ಕಡೆ ಬೆರಳು ತೋರಿಸಿದೆ. ಬೊಗಳಿತ್ತೇ? ಬೊಗಳಿತ್ತು ಎನ್ನಲು ಮನಸ್ಸು ಹಾತೊರೆಯುತ್ತದೆ — ಅದಕ್ಕೇ ಆ ನೆನಪನ್ನು ನಂಬುವುದಿಲ್ಲ.

ಸುಳ್ಳು ಹೇಳಿದ ಮೇಲೆ ನಾಯಿ ಕಚ್ಚಿದವರ ಸೂಜಿ ಮಾಡಿಸಿಕೊಳ್ಳಲೇಬೇಕಾಯಿತು. ಪ್ರತಿ ಸಲವೂ ಕಾಕಾ ಅವರೇ ಗಾಡಿಯ ಮೇಲೆ ಕೂರಿಸಿಕೊಂಡು ದವಾಖಾನೆಗೆ ಒಯ್ದರು. ಒಂದೊಂದು ಸೂಜಿಗೂ ಸುಳ್ಳು ಗಟ್ಟಿಯಾಯಿತು. ಈಗ ಕಣ್ಣು ಮುಚ್ಚಿದರೆ ಮೋತಿಯ ಹಲ್ಲು ಕಾಲಿಗೆ ತಾಗಿದ್ದೂ ಕಾಣುತ್ತದೆ — ಇಲ್ಲದ ಹಲ್ಲು.

ವರ್ಷಗಳು ಹೋದವು. ಮೋತಿ ಸುತ್ತಿ ಸುತ್ತಿ ತನ್ನನ್ನು ಕಟ್ಟಿದ ಗೂಟದ ಸುತ್ತ ನೆಲದಲ್ಲಿ ದುಂಡನೆಯ ಹಾದಿ ತೋಡಿತು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಾನು ಗೋಣಿಚೀಲ ಹಾಸಿದೆ, ನೀರಿಗೆ ಕಲ್ಲಿನ ಬಾನಿ ಇಟ್ಟೆ, ತಗಡಿನ ನೆರಳು ಕಟ್ಟಿದೆ. ನಿಜ ಹೇಳುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ.

ಇವತ್ತು ಬೆಳಿಗ್ಗೆ, ಮೋತಿ ಓಡಾಡಲೆಂದು, ನಾನೂ ಕಾಕಾ ಅವರೂ ತಂತಿ ಎಳೆದೆವು. ಬೇವಿನ ಗಿಡದಿಂದ ಕಬ್ಬಿಣದ ಕಂಬದವರೆಗೆ, ತಲೆಯ ಮೇಲೆ. ತಂತಿಗೆ ಜಾರುವ ಬಳೆ, ಬಳೆಗೆ ಸರಪಳಿ. ಮೋತಿ ಮೊದಲು ಹಳೆಯ ದುಂಡಿನಲ್ಲೇ ತಿರುಗಿತು. ಆಮೇಲೆ ಒಂದು ಹೆಜ್ಜೆ ಆಚೆ — ಬಳೆ ಸರ್ರೆಂದಿತು — ಇನ್ನೊಂದು — ಮತ್ತೆ ಓಟ, ಅಂಗಳದ ಉದ್ದಕ್ಕೂ, ತಿರುಗಿ ಮತ್ತೆ, ನಾಲಗೆ ಹೊರಗೆ, ಕಿವಿ ಹಿಂದಕ್ಕೆ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

“ನಾಯಿಗಿ ರೈಲ್ ಲೈನೇ ಹಾಕಿದಿ ನೋಡು ಮಗನ,” ಎಂದು ಕಾಕಾ ನಕ್ಕರು. “ಬೇವಿನ ಗಿಡ ಶಹಾಬಾದ, ಕಂಬ ವಾಡಿ. ಟಿಕೀಟಿಲ್ದ ಹೊಂಟಾನ ಮೋತ್ಯಾ.”

ನಾನೂ ನಕ್ಕೆ. ಅಷ್ಟರಲ್ಲಿ ಮೋತಿ ಕಂಬ ಮುಟ್ಟಿತು, ಕೊರಳು ಜಗ್ಗಿತು, ನಿಂತಿತು.

“ಕಡಿಯೋ ನಾಯಿ ಅಲ್ಲಂದ್ರ ಪೂರಾ ಬಿಟ್ಟೇ ಬಿಡ್ತಿದ್ದೆ,” ಎಂದರು ಕಾಕಾ.

ತಂತಿ ಬಿಗಿಯಾಗಿದೆಯೇ ನೋಡುವವನಂತೆ ತಲೆ ಎತ್ತಿದೆ. ಈ ಮಾತು ಬಂದಾಗೆಲ್ಲ ಹೀಗೇ ಬೇರೆ ಏನಾದರೊಂದನ್ನು ನೋಡಿದ್ದೇನೆ. ಈ ಸಲ ಬಾಯಿ ತೆರೆಯಿತು — ಧೈರ್ಯವೆನ್ನಲಾರೆ, ಆ ಓಟದ ಅಮಲು.

“ಕಾಕಾ, ಮೋತಿ ಕಡದಿಲ್ರಿ. ಕಲ್ಲು ಕೊಯ್ದಿತ್ರಿ.”

“ಸೂಜಿ ಮಾಡಿಸ್ಕೊಂಡಿ ಅಲ್ಲೋ?”

“ಮಾಡಿಸ್ಕೊಂಡೀನ್ರಿ.”

ಕಾಕಾ ನನ್ನ ಮುಖ ನೋಡಲಿಲ್ಲ. ಕಂಬದ ಬಳಿ ಹೋಗಿ ಮೊಣಕಾಲೂರಿ ಕೊರಳಿನ ಕೊಂಡಿ ಬಿಚ್ಚಿದರು. ಬರಿ ಸರಪಳಿ ಗಾಳಿಯಲ್ಲಿ ತೂಗಾಡಿತು. ಮೋತಿ ವಾಡಿ ದಾಟಿತು — ದಾಟಿಯೇಬಿಟ್ಟಿತು — ಕಲ್ಲಿನ ರಾಶಿಗಳ ಸಂದಿಯಲ್ಲಿ ನುಗ್ಗಿ, ನಾನು ಬಿದ್ದಿದ್ದ ಗೋಡೆಗೆ ಮುಂಗಾಲು ಹಚ್ಚಿ ಆಚೆ ನೋಡುತ್ತ ನಿಂತಿತು.

“ತಪ್ಪಾತು ಮೋತ್ಯಾ,” ಎಂದರು ಕಾಕಾ. ನಾಯಿಗೆ.

ಅದು ನಾನು ಆಡಬೇಕಾಗಿದ್ದ ಮಾತು. ಅವರು ಆಡಿದರು, ನಾನು ಕೇಳುತ್ತ ನಿಂತಿದ್ದೆ.